ಅಪ್ಪನ ವ್ಯಾಗನ್ ಆರ್ ಮತ್ತು ಎರಡು ಬಾಟಲಿ ಕ್ಲೀನರ್

ಅಪ್ಪನ ಕಾರು ಹಾವೇರಿಯ ನಮ್ಮ ಮನೆಯ ಶೆಡ್ಡಿನಲ್ಲಿ 14 ತಿಂಗಳು ನಿಂತಿತ್ತು. 2011ರ ವ್ಯಾಗನ್ ಆರ್, ಪೆಟ್ರೋಲ್ ಗಾಡಿ. 2022ರಲ್ಲಿ ಅಪ್ಪ ಬಿದ್ದು ಸೊಂಟದ ಮೂಳೆ ಮುರಿದುಕೊಂಡ ಮೇಲೆ ಅದನ್ನು ಯಾರೂ ಹೊರಗೆ ತೆಗೆದಿರಲಿಲ್ಲ. ಮರುವರ್ಷ ಮಳೆಗಾಲ ಹಿಡಿಯುವ ಹೊತ್ತಿಗೆ, "ನಿಂತಲ್ಲೇ ಹಾಳಾಗುವುದಕ್ಕಿಂತ ನೀನೇ ಹುಬ್ಬಳ್ಳಿಗೆ ಒಯ್ದು ಓಡಿಸು" ಎಂದರು. ಹೊಸ ಬ್ಯಾಟರಿ ಹಾಕಿಸಿ, ಟೈರುಗಳಿಗೆ ಗಾಳಿ ತುಂಬಿಸಿ ಹೊರಟೆ. ಬಂಕಾಪುರ ದಾಟುವಷ್ಟರಲ್ಲಿ ಇಂಜಿನ್ ಮಿಸ್ಸಿಂಗ್ ಹೊಡೆಯಲಾರಂಭಿಸಿತು, ಅಂದರೆ ನಡುನಡುವೆ ಉರಿ ತಪ್ಪಿ ತಡವರಿಸತೊಡಗಿತು. ಶಿಗ್ಗಾವಿಯ ಬಳಿ ಸಣ್ಣ ಏರಿನಲ್ಲೂ ಮೂರನೇ ಗೇರಿಗೆ ಇಳಿಯಬೇಕಾಯಿತು. ಬೆಳಿಗ್ಗೆ ಸೆಲ್ಫ್ ನಾಲ್ಕೈದು ಸಲ ಹೊಡೆದರೆ ಮಾತ್ರ ಚಾಲೂ ಆಗುತ್ತಿತ್ತು, ಸಿಗ್ನಲ್ಲಿನಲ್ಲಿ ನಿಂತರೆ ಸ್ಟಿಯರಿಂಗ್ ನಡುಗುತ್ತಿತ್ತು.

ಮೊದಲು ಹೋದ ಸರ್ವಿಸ್ ಸೆಂಟರಿನಲ್ಲಿ ಬಾನೆಟ್ ತೆರೆಯುವ ಮೊದಲೇ ಜಾಬ್ ಕಾರ್ಡಿನಲ್ಲಿ "ಫ್ಯುಯೆಲ್ ಸಿಸ್ಟಮ್ ಕ್ಲೀನಿಂಗ್" ಎಂದು ಬರೆದರು, ಅಂದರೆ ಪೆಟ್ರೋಲ್ ಟ್ಯಾಂಕಿಗೆ ಒಂದು ಬಾಟಲಿ ಕ್ಲೀನರ್ ಸುರಿಯುವುದು. ಇನ್ನು ಮುಂದೆ 5,000 ಕಿಲೋಮೀಟರಿಗೊಮ್ಮೆ ಇದನ್ನು ಮಾಡಿಸಲೇಬೇಕು ಎಂದೂ ಹೇಳಿದರು. "ಇದರಿಂದ ಯಾವ ಭಾಗ ಸ್ವಚ್ಛವಾಗುತ್ತದೆ?" ಎಂದು ಕೇಳಿದೆ. "ಎಲ್ಲವೂ ಸರ್" ಎಂಬ ಉತ್ತರ ಬಂತು. ಆ ಉತ್ತರ ನನಗೆ ಸರಿಬರಲಿಲ್ಲ. ಇಂಜಿನ್ ಎಣ್ಣೆ ಬದಲಿಸುವುದನ್ನೂ ನಿಲ್ಲಿಸಿ ಗಾಡಿಯನ್ನು ಹೊರಗೆ ತಂದೆ.

ಗೋಕುಲ ರಸ್ತೆಯ ಕಡೆ ಒಬ್ಬ ಹಿರಿಯ ಮೆಕ್ಯಾನಿಕ್ ಇದ್ದಾರೆ. ನಾವೆಲ್ಲ ಅವರನ್ನು ಕಾಕಾ ಎಂದೇ ಕರೆಯುವುದು. ಅದೇ ಪ್ರಶ್ನೆಯನ್ನು ಅವರ ಮುಂದೆ ಇಟ್ಟೆ. "ತಮ್ಮಾ, ಟ್ಯಾಂಕಿಗೆ ಹಾಕಿದ ಔಷಧ ಪೆಟ್ರೋಲ್ ಹೋದ ದಾರಿಯಲ್ಲೇ ಹೋಗುತ್ತದೆ. ಪೆಟ್ರೋಲ್ ಮುಟ್ಟದ ಜಾಗವನ್ನು ಅದೂ ಮುಟ್ಟುವುದಿಲ್ಲ" ಎಂದರು. ಆ ಮೇಲೆ ನಾನು ಓದಿದ್ದು, ಮಾಡಿ ನೋಡಿದ್ದು ಎಲ್ಲವೂ ಆ ಒಂದು ಮಾತಿನ ಬೆನ್ನು ಹಿಡಿದೇ ನಡೆಯಿತು.

ಅವರು ಬಾಟಲಿಗೆ ಕೈ ಹಾಕಲೇ ಇಲ್ಲ. ಮೊದಲು ಹಳೆಯ ಪೆಟ್ರೋಲನ್ನು ಪೂರ್ತಿ ಹೊರಗೆ ತೆಗೆಸಿದರು. ವರ್ಷಗಟ್ಟಲೆ ನಿಂತ ಪೆಟ್ರೋಲ್ ಗಾಳಿಯೊಡನೆ ಸೇರಿ ಅಂಟಾಗುತ್ತದೆ. ಹಗುರವಾದ ಅಂಶ ಆವಿಯಾಗಿ ಹೋಗುತ್ತದೆ, ಉಳಿದದ್ದು ಮೆರುಗೆಣ್ಣೆಯಂತೆ ಲೋಹಕ್ಕೆ ಹತ್ತಿಕೊಳ್ಳುತ್ತದೆ. ನಮ್ಮ ಟ್ಯಾಂಕಿನಿಂದ ಬಂದದ್ದು ಕಂದು ಬಣ್ಣಕ್ಕೆ ತಿರುಗಿತ್ತು, ಹುಳಿ ವಾಸನೆ ಹೊಡೆಯುತ್ತಿತ್ತು. ಆಮೇಲೆ ಏರ್ ಫಿಲ್ಟರ್ ಡಬ್ಬಿ ತೆರೆದರೆ ಒಳಗೆ ಹಿಡಿ ತುಂಬ ಅರಳೆ! ಶೆಡ್ಡಿನ ಪಕ್ಕದ ಕೋಣೆಯಲ್ಲಿ ಹತ್ತಿ ತುಂಬಿಡುತ್ತಿದ್ದೆವು. ಇಲಿ ಅದನ್ನೆಲ್ಲ ಹೊತ್ತು ತಂದು ಅಲ್ಲಿ ಮನೆ ಕಟ್ಟಿತ್ತು. ಜಗತ್ತಿನ ಯಾವ ಕ್ಲೀನರ್ ತಾನೇ ಅದನ್ನು ತೆಗೆದೀತು? ಫಿಲ್ಟರ್ ಬದಲಿಸಿ, ಮೂರು ಸಿಲಿಂಡರಿಗೂ ಹೊಸ ಪ್ಲಗ್ ಹಾಕಿ, ಥ್ರಾಟಲ್ ಬಾಡಿಯ ಕಪ್ಪು ಜಿಡ್ಡನ್ನು ಸ್ಪ್ರೇ ಹೊಡೆದು ಬಟ್ಟೆಯಿಂದ ಒರೆಸಿದೆವು. ಥ್ರಾಟಲ್ ಬಾಡಿ ಎಂದರೆ ಇಂಜಿನ್ನಿಗೆ ಹೋಗುವ ಗಾಳಿಯನ್ನು ಹೆಚ್ಚುಕಡಿಮೆ ಮಾಡುವ ಭಾಗ, ಅಲ್ಲಿ ಹಾದುಹೋಗುವುದು ಗಾಳಿ ಮಾತ್ರ. ಪೆಟ್ರೋಲ್ ಅದನ್ನು ದಾಟಿದ ಮೇಲೆ ಸೇರುತ್ತದೆ. ಗಾಡಿ ನಿಂತಲ್ಲೇ ಇಂಜಿನ್ ಓಡುವಾಗಿನ ನಡುಕಕ್ಕೆ ಬಹಳ ಸಲ ಈ ಜಿಡ್ಡೇ ಕಾರಣ. ಆದರೆ ಜನ ಅದಕ್ಕಾಗಿ ಟ್ಯಾಂಕಿಗೆ ಬಾಟಲಿ ಸುರಿಯುತ್ತಾರೆ.

ಇಷ್ಟಕ್ಕೇ ಗಾಡಿ ಮುಕ್ಕಾಲು ಪಾಲು ಸರಿಯಾಯಿತು. ಲೀಟರಿಗೆ 12.8 ಕಿಲೋಮೀಟರ್ ಕೊಡುತ್ತಿದ್ದದ್ದು 15.1ಕ್ಕೆ ಬಂತು. ಆದರೂ ಬೆಳಗಿನ ಮೊದಲ ಚಾಲೂ ಕಷ್ಟವಾಗಿಯೇ ಉಳಿಯಿತು, ತಣ್ಣಗಿರುವಾಗ ಸಣ್ಣ ಮಿಸ್ಸಿಂಗ್ ಇತ್ತು. ಕಾಕಾ ಗ್ಯಾರೇಜಿನ ಸ್ಕ್ಯಾನರ್ ಹಚ್ಚಿ ನೋಡಿದಾಗ ಗಾಡಿಯೊಳಗಿನ ಕಂಪ್ಯೂಟರ್ ತಾನಾಗಿಯೇ ಹೆಚ್ಚು ಪೆಟ್ರೋಲ್ ಬಿಡುತ್ತಿರುವುದು ಕಾಣಿಸಿತು. ಅಂದರೆ ಪೆಟ್ರೋಲ್ ಚಿಮ್ಮಿಸುವ ನಳಿಕೆಯಾದ ಇಂಜೆಕ್ಟರಿನಿಂದ ಬರಬೇಕಾದಷ್ಟು ಬರುತ್ತಿಲ್ಲ, ಆ ಕೊರತೆಯನ್ನು ಅದು ತುಂಬುತ್ತಿದೆ. ಗಾಳಿ ಎಲ್ಲಿಯೂ ಸೋರುತ್ತಿಲ್ಲವೆಂದು, ಪಂಪಿನ ಒತ್ತಡ ಸರಿಯಿದೆಯೆಂದು ಖಚಿತಪಡಿಸಿಕೊಂಡ ಮೇಲೆಯೇ ಅವರು, "ಈಗ ಬಾಟಲಿ ಹಾಕು. ಆಗದಿದ್ದರೆ ಬಿಚ್ಚೋಣ" ಎಂದರು.

ಯಾವ ಬಾಟಲಿ? ಇದಕ್ಕೇ ನನಗೆ ಒಂದು ವಾರ ಹಿಡಿಯಿತು. ಅಂಗಡಿಯಲ್ಲಿ ಸಿಗುವ ಹಲವು ಬಾಟಲಿಗಳ ಹಿಂದೆ ಪೆಟ್ರೋಲಿಯಂ ಡಿಸ್ಟಿಲೇಟ್ ಎಂದಷ್ಟೇ ಇರುತ್ತದೆ. ಅದು ಸೀಮೆಎಣ್ಣೆಯ ಸಂಬಂಧಿ, ಬರೀ ತೆಳುಮಾಡುವ ದ್ರವ. ಕೆಲಸ ಮಾಡುವ ರಾಸಾಯನಿಕದ ಹೆಸರು ಪಾಲಿಈಥರ್ ಅಮೈನ್, ಚಿಕ್ಕದಾಗಿ ಪಿಇಎ. ಅದರ ಅಣುವಿನ ಸಾರಜನಕದ ತುದಿ ಇಂಗಾಲದ ಕಿಟ್ಟವನ್ನು ಹಿಡಿದು ಎಬ್ಬಿಸುತ್ತದೆ. ದಹನ ಕೋಣೆಯ ಬಿಸಿಯನ್ನೂ ತಡೆದುಕೊಳ್ಳುತ್ತದೆ, ಕೆಲಸ ಮುಗಿದ ಮೇಲೆ ತಾನು ಕಿಟ್ಟವಾಗಿ ಉಳಿಯದೆ ಸುಟ್ಟುಹೋಗುತ್ತದೆ. ಪಾಲಿಐಸೊಬ್ಯುಟಿಲಿನ್ ಅಮೈನ್ ಇರುವವು ಕವಾಟಗಳನ್ನು ತೊಳೆಯುತ್ತವೆ, ಆದರೆ ದಹನ ಕೋಣೆಯಲ್ಲಿ ಅಷ್ಟು ಒಳ್ಳೆಯ ಕೆಲಸ ಮಾಡುವುದಿಲ್ಲ. ಆಕ್ಟೇನ್ ಹೆಚ್ಚಿಸುತ್ತೇವೆ ಎನ್ನುವ ಕೆಲವು ಬಾಟಲಿಗಳಲ್ಲಿ ಫೆರೋಸೀನ್ ಇರುತ್ತದೆ. ಅದರಲ್ಲಿರುವುದು ಕಬ್ಬಿಣ, ಪ್ಲಗ್ಗಿನ ತುದಿಯಲ್ಲಿ ಇಟ್ಟಿಗೆ ಕೆಂಪಿನ ಪುಡಿಯಾಗಿ ಕೂಡುತ್ತದೆ. ಅಂಥದ್ದನ್ನು ಮುಟ್ಟಲೇಬೇಡಿ. ಪಿಇಎ ಇದೆಯೆಂದು ಸ್ಪಷ್ಟವಾಗಿ ಬರೆದದ್ದನ್ನೇ ಹುಡುಕಿ, ಎರಡು ಬಾಟಲಿಗೆ 1,300 ರೂಪಾಯಿ ಕೊಟ್ಟೆ.

ಹಾಕುವ ಕ್ರಮವೂ ಮುಖ್ಯ. ಟ್ಯಾಂಕು ಮೀಸಲಿನ ಗೆರೆಗೆ ಬಂದಾಗ ಬಂಕಿನಲ್ಲೇ ಬಾಟಲಿಯನ್ನು ಮೊದಲು ಸುರಿದು, ಅದರ ಮೇಲೆ ಪೆಟ್ರೋಲ್ ತುಂಬಿಸಿದೆ. ಹಾಗಾದರೆ ಚೆನ್ನಾಗಿ ಬೆರೆಯುತ್ತದೆ. ನನ್ನ ಟ್ಯಾಂಕು 35 ಲೀಟರಿನದು, ಬಾಟಲಿಯ ಮೇಲಿನ ಪ್ರಮಾಣಕ್ಕೆ ಸರಿಹೊಂದಿತು. ಎರಡು ಬಾಟಲಿಯನ್ನು ಒಂದೇ ಟ್ಯಾಂಕಿಗೆ ಹಾಕಿದರೆ ಬೇಗ ಆಗುತ್ತದೆಂದು ಒಬ್ಬರು ಸಲಹೆ ಕೊಟ್ಟಿದ್ದರು. ನಾನು ಕೇಳಲಿಲ್ಲ. ಈ ದ್ರವದ ಸ್ವಲ್ಪ ಭಾಗ ಪಿಸ್ಟನ್ ರಿಂಗು ದಾಟಿ ಎಣ್ಣೆಗೂ ಇಳಿಯುತ್ತದೆ. ಆ ಕಾರಣಕ್ಕೇ ಎಣ್ಣೆ ಬದಲಿಸುವ ಕೆಲಸವನ್ನು ಎರಡೂ ಟ್ಯಾಂಕು ಮುಗಿದ ಮೇಲಕ್ಕೆ ಇಟ್ಟುಕೊಂಡಿದ್ದೆ.

ಹುಬ್ಬಳ್ಳಿ–ಧಾರವಾಡದ ನಡುವೆ ಉಣಕಲ್, ನವನಗರ, ರಾಯಾಪುರ ಎಂದು ನಿಂತು ನಿಂತು ಸಾಗುವ ಓಡಾಟದಲ್ಲಿ ಇದನ್ನು ಪರೀಕ್ಷಿಸುವುದು ನನಗೆ ಬೇಕಿರಲಿಲ್ಲ. ಎರಡು ಭಾನುವಾರ ಹಾವೇರಿಗೆ, ಒಂದು ಸಲ ಅಣ್ಣಿಗೇರಿಯ ಮೇಲೆ ಗದಗಕ್ಕೆ ಹೋಗಿ ಬಂದೆ. ಇಂಜಿನ್ ಪೂರ್ತಿ ಬಿಸಿಯಾಗಿ 80ರ ವೇಗದಲ್ಲಿ ತಾಸುಗಟ್ಟಲೆ ಓಡಿತು. ಮೊದಲ 150 ಕಿಲೋಮೀಟರ್ ಏನೂ ತಿಳಿಯಲಿಲ್ಲ. ಮೊದಲ ಟ್ಯಾಂಕಿನ ಕೊನೆಗೆ ಒಂದು ಬೆಳಿಗ್ಗೆ ಒಂದೇ ಸೆಲ್ಫಿಗೆ ಗಾಡಿ ಚಾಲೂ ಆಯಿತು. ನನಗೆ ನಂಬಿಕೆ ಬರಲಿಲ್ಲ, ಆರಿಸಿ ಮತ್ತೆ ಹೊಡೆದೆ. ಎರಡನೇ ಟ್ಯಾಂಕು ಮುಗಿಯುವಾಗ ನಡುಕ ಬಹಳ ಕಡಿಮೆಯಾಗಿತ್ತು, ಮೈಲೇಜು 16.3ಕ್ಕೆ ಏರಿತ್ತು.

ಇಲ್ಲಿಗೆ ನಿಲ್ಲಿಸಿದ್ದರೆ ಬಾಟಲಿಗೇ ಪೂರ್ತಿ ಕೀರ್ತಿ ಕೊಡುತ್ತಿದ್ದೆ. ಆದರೆ ನಿಜ ತಿಳಿಯುವ ಹಟ ಬಿಡಲಿಲ್ಲ. ಇಂಜೆಕ್ಟರುಗಳನ್ನು ಬಿಚ್ಚಿಸಿ ಪರೀಕ್ಷಾ ಯಂತ್ರಕ್ಕೆ ಏರಿಸಿದೆ. ಮೂರೂ ಇಂಜೆಕ್ಟರುಗಳು ಒಂದೇ ಹೊತ್ತಿನಷ್ಟು ಗಾಜಿನ ಕೊಳವೆಗಳಿಗೆ ದ್ರವ ಚಿಮ್ಮಿಸುತ್ತವೆ, ಕೊಳವೆಯ ಗೆರೆ ನೋಡಿ ಹೋಲಿಸಬಹುದು. ಎರಡರಲ್ಲಿ 48 ಮತ್ತು 47 ಮಿಲಿಲೀಟರ್ ಬಂತು, ಮೂರನೆಯದರಲ್ಲಿ 43. ಅದರ ಸಿಂಪಡಣೆಯೂ ಒಂದು ಬದಿಗೆ ವಾಲಿತ್ತು. ಕಿವಿಗೆ ಕೇಳದ ಶಬ್ದದ ಅಲೆಯಿಂದ ಕೊಳೆ ಬಿಡಿಸುವ ಅಲ್ಟ್ರಾಸಾನಿಕ್ ತೊಟ್ಟಿಯಲ್ಲಿ ಇಟ್ಟು ತೆಗೆದ ಮೇಲೆ ಅದೂ 47 ಕೊಟ್ಟಿತು. ಬಾಟಲಿ ಮಾಡಿದ ಕೆಲಸ ದೊಡ್ಡದೇ, ಆದರೆ ಗಟ್ಟಿಯಾಗಿ ಕೂತ ಅಂಟನ್ನು ಬಿಡಿಸುವ ಶಕ್ತಿ ಅದಕ್ಕಿರಲಿಲ್ಲ.

ಇದಾದ ಮೇಲೆ ಒಂದು ವರ್ಷ ಇನ್ನೊಂದು ಲೆಕ್ಕ ಇಟ್ಟೆ. ಸರಿಯಿರುವ ಗಾಡಿಗೆ ಆಗಾಗ ಹಾಕುತ್ತಿದ್ದರೆ ಲಾಭವಿದೆಯೇ? ಒಂದೇ ಬಂಕು, ಒಂದೇ ಪಂಪು, ನಳಿಕೆ ತಾನಾಗಿ ಕಟ್ ಆದಲ್ಲಿಗೆ ನಿಲ್ಲಿಸಿ, ನಾಲ್ಕು ಟ್ಯಾಂಕು ಕ್ಲೀನರ್ ಹಾಕಿ, ನಾಲ್ಕು ಟ್ಯಾಂಕು ಹಾಕದೆ. ಎರಡರ ನಡುವೆ ವ್ಯತ್ಯಾಸ ಕಾಣಲಿಲ್ಲ. ಬೇಸಿಗೆಯಲ್ಲಿ ಎ.ಸಿ. ಹಾಕಿದ್ದಕ್ಕೆ, ಗದಗದ ದಾರಿಯ ಎದುರುಗಾಳಿಗೆ ಅದಕ್ಕಿಂತ ಹೆಚ್ಚು ಏರುಪೇರಾಯಿತು. 30 ಲೀಟರಿನಲ್ಲಿ ಒಂದು ಲೀಟರ್ ಹೆಚ್ಚುಕಡಿಮೆ ತುಂಬಿದರೂ ಮೂರು ಪ್ರತಿಶತಕ್ಕಿಂತ ಹೆಚ್ಚು ತಪ್ಪು ಬರುತ್ತದೆ. ಎರಡು ಪ್ರತಿಶತ ಮೈಲೇಜು ಹೆಚ್ಚಿತು ಎನ್ನುವವರು ಇದನ್ನು ಗಮನಿಸಬೇಕು. ದಿನವೂ ಓಡುವ, ಹೊಗೆ ಕಾರದ, ಸಲೀಸಾಗಿ ಚಾಲೂ ಆಗುವ ಗಾಡಿಗೆ ಬಾಟಲಿ ಬೇಡ ಎಂದು ನಾನು ಧೈರ್ಯವಾಗಿ ಹೇಳುತ್ತೇನೆ. ಹೆಚ್ಚು ನಿಲ್ಲುವ ಅಥವಾ ಮಾರ್ಕೆಟ್ಟಿನವರೆಗೆ ಮಾತ್ರ ಓಡುವ ಗಾಡಿಗೆ ವರ್ಷಕ್ಕೊಂದು, ಎಣ್ಣೆ ಬದಲಿಸುವ ಮುಂಚೆ, ಸಾಕು.

ಗದಗದಲ್ಲಿರುವ ನನ್ನ ಭಾವನ ಟರ್ಬೊ ಕಾರಿನ ಕಥೆ ಬೇರೆ. ಅದು ಡೈರೆಕ್ಟ್ ಇಂಜೆಕ್ಷನ್. ಪೆಟ್ರೋಲ್ ನೇರವಾಗಿ ಸಿಲಿಂಡರಿನೊಳಗೇ ಚಿಮ್ಮುತ್ತದೆ. ನನ್ನ ಗಾಡಿಯಲ್ಲಿ ಇಂಜೆಕ್ಟರು ಒಳಹರಿವಿನ ಕವಾಟದ ಹಿಂದೆ ಇರುವುದರಿಂದ ಪೆಟ್ರೋಲ್ ಆ ಕವಾಟವನ್ನು ತೊಳೆಯುತ್ತಲೇ ಇರುತ್ತದೆ. ಅವನದರಲ್ಲಿ ಕವಾಟದ ಬೆನ್ನಿಗೆ ಎಣ್ಣೆಯ ಆವಿ ಅಂಟಿ ಇದ್ದಿಲಾಗುತ್ತದೆ, ಪೆಟ್ರೋಲ್ ಅತ್ತ ಸುಳಿಯುವುದೇ ಇಲ್ಲ. ನನ್ನ ಮಾತು ಕೇಳಿ ಅವನು ಮೂರು ಬಾಟಲಿ ಹಾಕಿದ್ದ, ಏನೂ ಆಗಲಿಲ್ಲ. ನಾನು ಮೊದಲೇ ವಿವರಿಸಬೇಕಿತ್ತು, ಅದಕ್ಕೆ ಈಗಲೂ ಬೇಸರವಿದೆ. ಕೊನೆಗೆ ಸಿಲಿಂಡರುಗಳಿಗೆ ಗಾಳಿ ಹಂಚುವ ಮೇಲಿನ ಮ್ಯಾನಿಫೋಲ್ಡ್ ಬಿಚ್ಚಿ ಅಕ್ರೋಟದ ಚಿಪ್ಪಿನ ಪುಡಿಯನ್ನು ಗಾಳಿಯ ಒತ್ತಡದಿಂದ ಹೊಡೆದು ಕವಾಟ ಸ್ವಚ್ಛಗೊಳಿಸಿದರು.

ಈಗ 20 ಪ್ರತಿಶತ ಎಥೆನಾಲ್ ಬೆರೆತ ಪೆಟ್ರೋಲ್ ಬಂದ ಮೇಲೆ ಮೈಲೇಜು ಇಳಿಯಿತೆಂದು ಬಾಟಲಿ ಕೊಳ್ಳುವವರು ಹೆಚ್ಚಾಗಿದ್ದಾರೆ. ಎಥೆನಾಲಿನಲ್ಲಿ ಶಕ್ತಿಯೇ ಪೆಟ್ರೋಲಿಗಿಂತ ಸುಮಾರು ಮೂರನೇ ಒಂದು ಪಾಲು ಕಡಿಮೆ. ಕ್ಲೀನರ್ ಆ ಶಕ್ತಿಯನ್ನು ಎಲ್ಲಿಂದ ತರಬೇಕು? ನನ್ನಂಥ ಹಳೆಯ ಗಾಡಿಯವರು ನೋಡಬೇಕಾದದ್ದು ರಬ್ಬರ್ ಪೈಪು ಮತ್ತು ಪೆಟ್ರೋಲ್ ಫಿಲ್ಟರನ್ನು. ಎಥೆನಾಲ್ ನೀರನ್ನು ಹೀರುತ್ತದೆ, ಟ್ಯಾಂಕಿನ ತಳದ ಹಳೆಯ ಕೊಳೆಯನ್ನು ಸಡಿಲಿಸಿ ಫಿಲ್ಟರಿಗೆ ತಂದು ತುಂಬುತ್ತದೆ.

ಕಳೆದ ಸರ್ವಿಸಿನಲ್ಲಿ ಜಾಬ್ ಕಾರ್ಡಿನ ಮೇಲೆ ಮತ್ತೆ ಅದೇ ಕ್ಲೀನಿಂಗ್ ಬರೆದಿದ್ದರು. ಅದನ್ನು ಹೊಡೆದುಹಾಕಿಸಿ, ಟ್ಯಾಂಕಿನೊಳಗಿನ ಫಿಲ್ಟರ್ ಮತ್ತು ಎರಡು ಪೈಪು ಬದಲಿಸಲು ಬರೆಸಿದೆ. ತೆಗೆದ ಪೈಪನ್ನು ಬಗ್ಗಿಸಿ ನೋಡಿದೆ, ಒಳಮೈ ಬಿರಿದಿತ್ತು.