ಇಂಗ್ಲೆಂಡಿನಲ್ಲಿ ‘ದಿ ಗುಡ್ ಹೋಪ್’ ಆಡಿಸಿದ್ದು

ನೀತಿ ಹೇಳುವ ನಾಟಕ ಅಂದಕೂಡಲೇ ನಟರ ದನಿ ಏರಿಬಿಡುತ್ತದೆ. ಹೆರ್ಮನ್ ಹೈಯರ್ಮನ್ಸ್ ಅವರ ‘ದಿ ಗುಡ್ ಹೋಪ್’ ಎಂಬ ಡಚ್ ನಾಟಕವನ್ನು ನಮ್ಮ ಹವ್ಯಾಸಿ ತಂಡಕ್ಕೆ ಇಂಗ್ಲಿಷಿನಲ್ಲಿ ನಿರ್ದೇಶಿಸುವಾಗ ನಾನು ಮೊದಲ ದಿನದಿಂದಲೂ ತಡೆದದ್ದು ಇದನ್ನೇ.

ನಾಟಕ ಮೊದಲು ರಂಗಕ್ಕೆ ಬಂದದ್ದು 1900ರ ಡಿಸೆಂಬರ್‌ನಲ್ಲಿ, ಆಮ್‌ಸ್ಟರ್‌ಡ್ಯಾಮಿನಲ್ಲಿ. ಹಡಗು ಕೊಳೆತಿದೆ ಅಂತ ಗೊತ್ತಿದ್ದೂ ಮಾಲೀಕ ಬೊಸ್ ಮೀನುಗಾರರನ್ನು ಕಡಲಿಗೆ ಕಳಿಸುತ್ತಾನೆ. ಹಡಗು ಮುಳುಗುತ್ತದೆ. ಇಂಗ್ಲಿಷಿನಲ್ಲಿ 1903ರಲ್ಲೇ ಲಂಡನ್ನಿಗೆ ಬಂತು. ಎಲೆನ್ ಟೆರ್ರಿಯಂಥ ದೊಡ್ಡ ನಟಿ ವಿಧವೆ ಕ್ನಿರ್ತ್ಯೆಯ ಪಾತ್ರ ಹಾಕಿಕೊಂಡು ಊರೂರು ಸುತ್ತಿದರು.

ಬೊಸ್ ಪಾತ್ರದ ನಟನಿಗೆ ಗುಡುಗುವ ಆಸೆ. ಬೇಡ ಅಂದೆ. ಲೆಕ್ಕದ ಪುಸ್ತಕದಿಂದ ಕಣ್ಣೆತ್ತದೆ ಮಾತಾಡಿ, ಸಾಕು ಅಂದೆ. ಅವನು ರಾಕ್ಷಸನಾದರೆ ನೋಡುವವರಿಗೆ ಸುಲಭ, ಅಲ್ವಾ? ‘ನಾವು ಅಂಥವರಲ್ಲ’ ಅಂದುಕೊಂಡು ಮನೆಗೆ ಹೋಗಬಹುದು. ವ್ಯವಹಾರಸ್ಥನಾಗಿ ಕಂಡರೆ ಹಾಗೆ ತಪ್ಪಿಸಿಕೊಳ್ಳಲು ಆಗುವುದಿಲ್ಲ.

ನಾನು ಜಾಸ್ತಿ ಹೊತ್ತು ಕೂತದ್ದು ಕಿವಿಯೋಲೆಯ ದೃಶ್ಯದ ಮೇಲೆ. ಕ್ನಿರ್ತ್ಯೆಯ ಗಂಡನನ್ನೂ ಇಬ್ಬರು ಗಂಡುಮಕ್ಕಳನ್ನೂ ಕಡಲು ಆಗಲೇ ನುಂಗಿದೆ. ಉಳಿದ ಮಕ್ಕಳಲ್ಲಿ ಕಿರಿಯವನು ಬಾರೆಂಡ್, ಕಡಲೆಂದರೆ ನಡುಗುವ ಹುಡುಗ. ಅವನನ್ನು ಆ ಹಡಗಿಗೆ ಸೇರಿಸಿದವಳು ತಾಯಿಯೇ. ಅಪ್ಪನ ಓಲೆಗಳನ್ನು ಅವನ ಕಿವಿಗೆ ತೊಡಿಸುತ್ತಾಳೆ. ನಮ್ಮ ನಟಿಗೆ ಇಲ್ಲಿ ಸುಮ್ನೆ ಕೆಲಸ ಮಾಡಿ ಅಂದೆ. ಹುಡುಗ ತಲೆ ವಾಲಿಸಬೇಕು, ಅವರ ಬೆರಳು ತೂತು ಹುಡುಕಬೇಕು. ಅವಸರ ಬೇಡ, ಅಳು ಬೇಡ. ಕೊನೆಯ ಅಂಕದಲ್ಲಿ ಹೆಣ ಗುರುತು ಹಿಡಿಯುವುದು ಅದೇ ಓಲೆಗಳಿಂದ. ಆ ಸುದ್ದಿ ಬಂದಾಗ ಯಾರೂ ಕಿರುಚಬೇಕಾಗಲಿಲ್ಲ. ಜನಕ್ಕೆ ಆ ಬೆರಳುಗಳು ನೆನಪಿದ್ದವು.

ಮೂರನೇ ಅಂಕ ಬಿರುಗಾಳಿಯ ರಾತ್ರಿ. ಹೆಂಗಸರು ಸೇರಿ ತಮ್ಮ ತಮ್ಮವರ ಸಾವಿನ ಕಥೆ ಹೇಳಿಕೊಳ್ಳುತ್ತಾರೆ. ಗಾಳಿಯ ಸದ್ದಿಗೆ ರೆಕಾರ್ಡಿಂಗ್ ಬಳಸಲಿಲ್ಲ. ಮರದ ಪಟ್ಟಿ ಹೊಡೆದ ಪೀಪಾಯಿಯ ಮೇಲೆ ಕ್ಯಾನ್ವಾಸ್ ಬಿಗಿದು, ಹಿಡಿ ಹಾಕಿ ತಿರುಗಿಸಿದೆವು. ಹೆಂಗಸು ಬಾಯಿ ತೆರೆದರೆ ತಿರುಗಿಸುವವರು ನಿಧಾನಿಸಬೇಕು, ಮಾತು ನಿಂತಾಗ ಜೋರು ಮಾಡಬೇಕು. ಅವರೂ ಒಂದು ಪಾತ್ರವೇ. ಪ್ರತಿ ತಾಲೀಮಿಗೂ ಕರೆದೆ.

ನೆದರ್‌ಲ್ಯಾಂಡ್ಸ್‌ನಲ್ಲಿ 1909ರಲ್ಲಿ ಹಡಗು ಸುರಕ್ಷತೆಯ ಕಾನೂನು ಬಂತು. ಅದರ ಮಾತು ಬಂದಾಗ ಈ ನಾಟಕದ ಹೆಸರನ್ನೂ ಹೇಳುತ್ತಾರೆ. ನನಗೆ ಅದಕ್ಕಿಂತ ದೊಡ್ಡದು ಕ್ನಿರ್ತ್ಯೆ. ನಿಮ್ಮ ತಂಡದಲ್ಲಿ ಅರವತ್ತು ದಾಟಿದ ಒಳ್ಳೆಯ ನಟಿಯೊಬ್ಬರಿದ್ದು, ಅವರಿಗೆ ಬರೀ ಅಜ್ಜಿಯ ಸಣ್ಣ ಪಾತ್ರಗಳೇ ಸಿಗುತ್ತಿದ್ದರೆ, ಮುಂದಿನ ಬಾರಿ ಇದನ್ನೇ ಕೈಗೆತ್ತಿಕೊಳ್ಳಿ.