ಅರ್ಧ ಗಂಟೆಗೊಂದು ಬಾಗಿಲು: ಲಂಡನ್ನಿನ ಟಿವಿ ಷೆಡ್ಯೂಲಿಂಗ್ ಕೆಲಸದಲ್ಲಿ ನನ್ನ ಅನುಭವ

ಬೆಳಿಗ್ಗೆ ಒಂಬತ್ತೂವರೆ ಹತ್ತಿರ ಬಂತೆಂದರೆ ನಮ್ಮ ಮಹಡಿಯಲ್ಲಿ ಮಾತು ನಿಲ್ಲುತ್ತಿತ್ತು. ಹಿಂದಿನ ರಾತ್ರಿ ಯಾರು ಏನು ನೋಡಿದರು ಅನ್ನುವ ಅಂಕಿ ಬರುವ ಹೊತ್ತು ಅದು. ಆಫೀಸಿನಲ್ಲಿ ಎಲ್ಲರೂ ಅದನ್ನು 'ಓವರ್‌ನೈಟ್ಸ್' ಅನ್ನುತ್ತಿದ್ದರು. ಊರಲ್ಲಿ ಎಸ್ಸೆಸ್ಸೆಲ್ಸಿ ರಿಸಲ್ಟ್ ವರ್ಷಕ್ಕೊಮ್ಮೆ, ನಮಗೆ ದಿನಾ.

ಅಂಕಿ ಕೊಡುವುದು ಬಾರ್ಬ್ ಅನ್ನುವ ಸಂಸ್ಥೆ. 1981ರಲ್ಲಿ ಶುರುವಾದದ್ದು. ನಾನಿದ್ದ ಕಾಲಕ್ಕೆ ಬ್ರಿಟನ್ನಿನ ಐದು ಸಾವಿರ ಚಿಲ್ಲರೆ ಮನೆಗಳಲ್ಲಿ ಅವರ ಮೀಟರ್ ಇತ್ತು. ಮನೆಯ ಪ್ರತಿಯೊಬ್ಬರಿಗೂ ರಿಮೋಟಿನಲ್ಲಿ ಒಂದೊಂದು ಗುಂಡಿ. ಟಿವಿ ಮುಂದೆ ಬಂದು ಕೂತಾಗ ಒತ್ತಬೇಕು, ಎದ್ದು ಹೋಗುವಾಗ ಮತ್ತೆ ಒತ್ತಬೇಕು. ಲೆಕ್ಕ ಹಾಕಿದರೆ ಅಂಥ ಒಂದು ಮನೆ ಸುಮಾರು ಐದು ಸಾವಿರ ಮನೆಗಳ ಪರವಾಗಿ ಮಾತಾಡುತ್ತಿತ್ತು. ಒಬ್ಬ ಅಜ್ಜಿ ಗುಂಡಿ ಒತ್ತದೆ ಸೋಫಾದಲ್ಲೇ ನಿದ್ದೆ ಹೋದರೆ ಸಾವಿರಾರು ಅಜ್ಜಿಯರು ರಾತ್ರಿಯಿಡೀ ನಮ್ಮ ಚಾನೆಲ್ ನೋಡಿದ ಹಾಗೆ! ನಮ್ಮಂಥ ಸಣ್ಣ ಚಾನೆಲ್ಲಿಗೆ ಇದು ತಮಾಷೆಯ ಮಾತಾಗಿರಲಿಲ್ಲ.

ನಾನು ಹಾಸನದ ಕಡೆಯವನು. ಓದಲೆಂದು ಲಂಡನ್ನಿಗೆ ಹೋಗಿ, 2009ರಲ್ಲಿ ಒಂದು ವಾಣಿಜ್ಯ ಚಾನೆಲ್ಲಿನ ಷೆಡ್ಯೂಲಿಂಗ್ ವಿಭಾಗಕ್ಕೆ, ಅಂದರೆ ಯಾವ ಕಾರ್ಯಕ್ರಮ ಯಾವ ಹೊತ್ತಿಗೆ ಅಂತ ಗೊತ್ತುಮಾಡುವ ಕಡೆಗೆ, ಸೇರಿದೆ. ಹೆಸರು ಬೇಡ. ಚಂದಾ ಕಟ್ಟದೆ ಟಿವಿ ನೋಡುವ ಫ್ರೀವ್ಯೂ ಪೆಟ್ಟಿಗೆಯಲ್ಲಿ ಎರಡಂಕಿಯ ನಂಬರಿನಲ್ಲಿ ಬರುವ, ಸಿನಿಮಾ ಮತ್ತು ಹಳೇ ಕಾಮಿಡಿ ಹಾಕಿ ಬದುಕುವ ಚಾನೆಲ್ ಅಂದರೆ ಸಾಕು. ಬಿಬಿಸಿ ಒನ್, ಬಿಬಿಸಿ ಟು, ಐಟಿವಿ, ಚಾನೆಲ್ ಫೋರ್, ಚಾನೆಲ್ ಫೈವ್ ಈ ಐದು ಆನೆಗಳ ಕಾಲ ಕೆಳಗೆ ಓಡಾಡುವ ಇಲಿ ನಾವು. ಆನೆ ಕಾಲೆತ್ತುವುದು ಯಾವಾಗ, ಇಡುವುದು ಎಲ್ಲಿ ಅಂತ ನೋಡುವುದೇ ನಮ್ಮ ಕಸುಬು.

ಕೆಲಸ ನಡೆಯುತ್ತಿದ್ದದ್ದು ಒಂದು ದೊಡ್ಡ ಚೌಕಳಿ ಹಾಳೆಯ ಮೇಲೆ, ಅಂದರೆ ಕಂಪ್ಯೂಟರಿನಲ್ಲಿ. ಅಡ್ಡಕ್ಕೆ ವಾರದ ಏಳು ದಿನ, ಉದ್ದಕ್ಕೆ ಹೊತ್ತು. ಟಿವಿಯವರ ದಿನ ಬೆಳಿಗ್ಗೆ ಆರಕ್ಕೆ ಹುಟ್ಟಿ ಮರುದಿನ ಆರಕ್ಕೆ ಸಾಯುತ್ತದೆ. ಹಾಗಾಗಿ ನಮ್ಮ ಹಾಳೆಯಲ್ಲಿ ರಾತ್ರಿ ಒಂದು ಗಂಟೆ ಅಂದರೆ 25:00. ಮೊದಲ ವಾರ ಅದನ್ನು ನೋಡಿ ಟೈಪಿಂಗ್ ತಪ್ಪೆಂದು ತಿದ್ದಲು ಹೋಗಿ ಬೈಸಿಕೊಂಡೆ. ದೊಡ್ಡ ಚಾನೆಲ್ಲುಗಳು ತಮ್ಮ ಪಟ್ಟಿಯನ್ನು ಪತ್ರಿಕೆಗಳಿಗೆ ಕೊಡುವುದು ಸುಮಾರು ಎರಡು ವಾರ ಮೊದಲು. ಅದು ಕೈಗೆ ಸಿಕ್ಕಿದ ಮಧ್ಯಾಹ್ನ ನಮ್ಮಲ್ಲಿ ಊಟ ತಡ. ಅವರ ಕಾರ್ಯಕ್ರಮಗಳನ್ನು ಬಣ್ಣ ಹಚ್ಚಿ ನಮ್ಮ ಹಾಳೆಯ ಪಕ್ಕದಲ್ಲಿಟ್ಟು, ಎಲ್ಲಿ ಸಂದಿ ಇದೆ ಅಂತ ಹುಡುಕುತ್ತಿದ್ದೆವು.

ಹೊಸತರಲ್ಲಿ ನನ್ನ ತಲೆಯಲ್ಲಿದ್ದದ್ದು ಗರಡಿಮನೆಯ ಲೆಕ್ಕ. ಅವರ ಪೈಲ್ವಾನನ ಎದುರು ನಮ್ಮ ಪೈಲ್ವಾನ. ಒಳ್ಳೇ ಸಿನಿಮಾ ಸಿಕ್ಕಿದರೆ ಭಾನುವಾರ ರಾತ್ರಿ ಒಂಬತ್ತಕ್ಕೆ, ಬಿಬಿಸಿ ಒನ್ ಮತ್ತು ಐಟಿವಿ ಎರಡೂ ತಮ್ಮ ದೊಡ್ಡ ನಾಟಕ ಹಾಕುವ ಹೊತ್ತಿಗೇ ಹಾಕಿಬಿಡುತ್ತಿದ್ದೆ. ನಮ್ಮ ಹೆಡ್ ಮೂವತ್ತು ವರ್ಷ ಇದೇ ಕೆಲಸ ಮಾಡಿದ ಹೆಂಗಸು. ನನ್ನ ಹಾಳೆ ನೋಡಿ, "ನಿನಗೆ ಈಸ್ಟ್‌ಎಂಡರ್ಸ್ ಕಥೆ ಗೊತ್ತಾ?" ಅಂತ ಕೇಳಿದರು.

ಬಿಬಿಸಿ ಆ ಧಾರಾವಾಹಿಯನ್ನು 1985ರ ಫೆಬ್ರವರಿಯಲ್ಲಿ ಶುರು ಮಾಡಿದ್ದು ಸಂಜೆ ಏಳಕ್ಕೆ. ಅದೇ ಏಳಕ್ಕೆ ಐಟಿವಿಯಲ್ಲಿ ಎಮರ್‌ಡೇಲ್ ಫಾರ್ಮ್ ಅನ್ನುವ ಹಳ್ಳಿಯ ಧಾರಾವಾಹಿ ಆಗಲೇ ಚೆನ್ನಾಗಿ ಬೇರುಬಿಟ್ಟಿತ್ತು. ಬಿಬಿಸಿ ಒನ್ನಿನ ಮುಖ್ಯಸ್ಥರಾಗಿದ್ದ ಮೈಕೆಲ್ ಗ್ರೇಡ್ ಕಥೆ ಬದಲಿಸಲಿಲ್ಲ, ನಟರನ್ನು ಬದಲಿಸಲಿಲ್ಲ. ಸೆಪ್ಟೆಂಬರಿನಲ್ಲಿ ಅದನ್ನು ಏಳೂವರೆಗೆ ತಳ್ಳಿದರು, ಅಷ್ಟೆ. ಎಮರ್‌ಡೇಲ್ ಮುಗಿಸಿಕೊಂಡವರು ಇದಕ್ಕೆ ಬಂದರು. 1986ರ ಕ್ರಿಸ್ಮಸ್ ಸಂಚಿಕೆಯನ್ನು, ಮರುಪ್ರಸಾರವೂ ಸೇರಿ, ಮೂರು ಕೋಟಿಗೂ ಹೆಚ್ಚು ಜನ ನೋಡಿದರು. "ಕೂತವರನ್ನು ಎಬ್ಬಿಸುವುದು ಕಷ್ಟ. ಎದ್ದವರನ್ನು ಕೂರಿಸುವುದು ಸುಲಭ" ಅಂದರು ನಮ್ಮ ಹೆಡ್.

ನನಗೆ ನಿಮಿಷವಾರು ಗ್ರಾಫ್ ಓದಲು ಬಂದದ್ದು ಆಮೇಲೆ. ಕಾರ್ಯಕ್ರಮದ ನಡುವೆ ಗೆರೆ ಹೆಚ್ಚುಕಮ್ಮಿ ನೆಟ್ಟಗೆ ಹೋಗುತ್ತದೆ, ಎಷ್ಟೇ ಬೋರಾಗಿರಲಿ. ಗಂಟೆ, ಅರ್ಧ ಗಂಟೆ ಮುಟ್ಟುವಾಗ ಮಾತ್ರ ಎಲ್ಲಾ ಚಾನೆಲ್ಲುಗಳ ಗೆರೆಗಳೂ ಸಂತೆ ಕಳೆದ ಮೇಲಿನ ಬಸ್ ಸ್ಟ್ಯಾಂಡಿನ ಹಾಗೆ ಗಜಿಬಿಜಿ. ಒಂದು ಕಾರ್ಯಕ್ರಮ ಮುಗಿದು ಇನ್ನೊಂದು ಶುರುವಾಗುವ ಆ ಎರಡು ಮೂರು ನಿಮಿಷಕ್ಕೆ ನಮ್ಮಲ್ಲಿ 'ಜಂಕ್ಷನ್' ಅನ್ನುತ್ತಿದ್ದರು. ಬೀರೂರು, ಅರಸೀಕೆರೆ ಜಂಕ್ಷನ್ ನೋಡಿ ಬೆಳೆದ ನನಗೆ ಈ ಪದ ತಟ್ಟನೆ ಹೊಂದಿಕೊಂಡಿತು. ರೈಲು ಬದಲಿಸುವವರು ಬದಲಿಸುವುದು ಅಲ್ಲೇ ತಾನೆ.

ಈ ಜಂಕ್ಷನ್ ಎಂಥದ್ದು ಅಂತ ನಮಗಿಂತ ಚೆನ್ನಾಗಿ ತಿಳಿದವರು ಕರೆಂಟಿನವರು. 1990ರ ಜುಲೈ 4ರಂದು ವಿಶ್ವಕಪ್ ಸೆಮಿಫೈನಲ್‌ನಲ್ಲಿ ಪಶ್ಚಿಮ ಜರ್ಮನಿಗೆ ಇಂಗ್ಲೆಂಡ್ ಪೆನಾಲ್ಟಿಯಲ್ಲಿ ಸೋತ ಗಳಿಗೆ ದೇಶದ ವಿದ್ಯುತ್ ಬೇಡಿಕೆ ಒಮ್ಮೆಲೇ 2,800 ಮೆಗಾವ್ಯಾಟ್ ಏರಿತು. ಎಲ್ಲರೂ ಒಟ್ಟಿಗೆ ಎದ್ದು ಹೋಗಿ ಚಹಾಕ್ಕೆ ಕೆಟಲ್ ಒತ್ತಿದರು! ಇಂಥ ಏರಿಕೆಗೆ ಸಜ್ಜಾಗಿರಲೆಂದೇ ವೇಲ್ಸ್‌ನ ಡಿನೋರ್ವಿಗ್‌ನಲ್ಲಿ ಬೆಟ್ಟದೊಳಗೆ ಒಂದು ಜಲವಿದ್ಯುತ್ ಸ್ಥಾವರ ಇದೆ, ಸೆಕೆಂಡುಗಳ ಲೆಕ್ಕದಲ್ಲಿ ಪೂರ್ತಿ ಶಕ್ತಿ ಕೊಡುತ್ತದೆ. ಗ್ರಿಡ್ಡಿನ ಎಂಜಿನಿಯರುಗಳೂ ನಾವೂ ಒಂದೇ ಟಿವಿ ಪಟ್ಟಿ ಹಿಡಿದು ಕೂರುತ್ತಿದ್ದೆವು. ಅವರಿಗೆ ಭಯ, ನಮಗೆ ಆಸೆ.

ನಮಗೆ ಸುಗ್ಗಿಯೆಂದರೆ ರಾತ್ರಿ ಹತ್ತರ ಜಂಕ್ಷನ್. ಅದಕ್ಕೊಂದು ಇತಿಹಾಸ ಉಂಟು. ಐಟಿವಿಯ ಹತ್ತರ ವಾರ್ತೆ ಬಹಳ ವರ್ಷದ ಹೆಸರು ಮಾಡಿದ್ದು. ರಾತ್ರಿ ಒಂಬತ್ತರಿಂದ ಹನ್ನೊಂದರವರೆಗೆ ಸಿನಿಮಾ, ನಾಟಕಕ್ಕೆ ಜಾಗ ಬೇಕೆಂದು 1999ರ ಮಾರ್ಚಿನಲ್ಲಿ ಅದನ್ನು ತೆಗೆದುಹಾಕಿದರು. ಖಾಲಿಬಿದ್ದ ಜಾಗವನ್ನು ಬಿಬಿಸಿ ಬಿಡುತ್ತದೆಯೇ? 2000ದ ಅಕ್ಟೋಬರ್ 16ಕ್ಕೆ ತನ್ನ ಒಂಬತ್ತರ ವಾರ್ತೆಯನ್ನು ಹತ್ತಕ್ಕೆ ತಂದು ಕೂರಿಸಿತು. ಮೂರು ತಿಂಗಳಲ್ಲಿ ಐಟಿವಿಗೆ ಹತ್ತರ ವಾರ್ತೆ ಮತ್ತೆ ಬೇಕಾಯಿತು. ಆದರೆ ವಾರದಲ್ಲಿ ಕೆಲವು ದಿನ ಹತ್ತಕ್ಕೆ, ಕೆಲವು ದಿನ ಇನ್ನೆಷ್ಟಕ್ಕೋ. ಜನ ಅದನ್ನು 'ನ್ಯೂಸ್ ಅಟ್ ವೆನ್' ಅಂತ ಆಡಿಕೊಂಡರು. ಸರಿಯಾಗಿ ಹತ್ತಕ್ಕೆ ವಾಪಸು ಬಂದದ್ದು 2008ರಲ್ಲಿ. ನನಗನ್ನಿಸುವಂತೆ, ಜಾಗ ಬದಲಿಸಿದ್ದಕ್ಕಿಂತ ಹೆಚ್ಚು ನಷ್ಟ ಮಾಡಿದ್ದು ಜಾಗ ಗೊತ್ತಿಲ್ಲದಂತೆ ಮಾಡಿದ್ದು.

ಇಬ್ಬರು ದೊಡ್ಡವರೂ ಹತ್ತಕ್ಕೆ ವಾರ್ತೆಗೆ ಕೂತರೆ, ಆಗ ತಾನೆ ನಾಟಕ ನೋಡಿ ಮುಗಿಸಿದವರಲ್ಲಿ ವಾರ್ತೆ ಬೇಡದವರು ಎಲ್ಲಿ ಹೋಗಬೇಕು? ಅವರಿಗಾಗಿ ನಾವು ಸರಿಯಾಗಿ ಹತ್ತಕ್ಕೆ ಅರ್ಧರ್ಧ ಗಂಟೆಯ ಕಾಮಿಡಿ ಜೋಡಿ ಹಾಕುತ್ತಿದ್ದೆವು. ಹತ್ತಕ್ಕೆ ಜಾಹೀರಾತು ಬರಕೂಡದು ಅನ್ನುವುದು ನಮ್ಮ ನೇಮ. ಗಂಟೆಗೆ ಹನ್ನೆರಡು ನಿಮಿಷದ ಮಿತಿಯೊಳಗೆ ಅವನ್ನು ಹೇಗಾದರೂ ತಳ್ಳಿ, ಹತ್ತು ಹೊಡೆದ ಕ್ಷಣಕ್ಕೆ ಮೊದಲ ಜೋಕು ಬರಬೇಕು. ಸೇಲ್ಸ್‌ನವರ ಜೊತೆ ನನ್ನ ಜಗಳವೆಲ್ಲ ಆ ಮೂರು ನಿಮಿಷದ ಮೇಲೇ.

ಇಷ್ಟೆಲ್ಲ ಕಲಿತೂ ನಾನು ಮಣ್ಣು ಮುಕ್ಕಿದ ದಿನ 2012ರ ಜೂನ್ 24. ಯೂರೋ ಕಪ್ ಕ್ವಾರ್ಟರ್ ಫೈನಲ್, ಕೀವ್‌ನಲ್ಲಿ ಇಂಗ್ಲೆಂಡ್–ಇಟಲಿ, ಬಿಬಿಸಿ ಒನ್ನಿನಲ್ಲಿ. ಶುರು ಏಳೂ ಮುಕ್ಕಾಲಿಗೆ. ನಾನು ಕೂತು ಲೆಕ್ಕ ಹಾಕಿದೆ: ತೊಂಬತ್ತು ನಿಮಿಷ, ನಡುವೆ ಹದಿನೈದು, ಅಲ್ಲಿ ಇಲ್ಲಿ ಐದು. ಒಂಬತ್ತೂ ಮೂವತ್ತೈದಕ್ಕೆ ಆಟ ಮುಗಿಯುತ್ತದೆ. ಆಮೇಲೆ ಸ್ಟುಡಿಯೋದಲ್ಲಿ ಹಳೇ ಆಟಗಾರರ ಹರಟೆ. ಅದು ಬೇಡವಾದವರನ್ನು ಹಿಡಿಯಲು ಒಂಬತ್ತೂ ನಲವತ್ತೈದಕ್ಕೆ ನಮ್ಮಲ್ಲಿ ಮೊದಲ ಬಾರಿಗೆ ಬರುತ್ತಿದ್ದ ಪ್ರೇಮಕಥೆಯ ಸಿನಿಮಾ. ವಾರವಿಡೀ ಪ್ರೋಮೋ ಓಡಿಸಿದ್ದೆ.

ಆಟ ಸೊನ್ನೆ–ಸೊನ್ನೆ. ಹೆಚ್ಚುವರಿ ಅರ್ಧ ಗಂಟೆ. ಅದರಲ್ಲೂ ಸೊನ್ನೆ. ಮನೆಯಲ್ಲಿ ಎರಡು ಪರದೆ ಇಟ್ಟುಕೊಂಡು ಕೂತಿದ್ದೆ. ಒಂದರಲ್ಲಿ ಬೆವರುತ್ತಿದ್ದ ಆಟಗಾರರು, ಇನ್ನೊಂದರಲ್ಲಿ ಯಾರೂ ನೋಡದ ನನ್ನ ನಾಯಕಿ ರೈಲ್ವೆ ಪ್ಲಾಟ್‌ಫಾರ್ಮಿನಲ್ಲಿ ಅಳುತ್ತಿದ್ದಳು. ಹತ್ತು ಗಂಟೆ ದಾಟಿ ಪೆನಾಲ್ಟಿ ಶುರುವಾಯಿತು. ಇಟಲಿ 4–2ರಲ್ಲಿ ಗೆದ್ದಿತು. ಆಗ ದೇಶಕ್ಕೆ ದೇಶವೇ ರಿಮೋಟ್ ಕೈಗೆತ್ತಿಕೊಂಡಿರಬೇಕು. ಆದರೆ ಬಂದವರಿಗೆ ನಮ್ಮಲ್ಲಿ ಸಿಕ್ಕಿದ್ದು ಅರ್ಧ ಗಂಟೆ ಮೀರಿ ಓಡಿದ್ದ ಸಿನಿಮಾ. ಯಾರು ಯಾರನ್ನು ಯಾಕೆ ಬಿಟ್ಟರು ಅಂತ ತಿಳಿಯದವರು ಎಷ್ಟು ಹೊತ್ತು ನಿಲ್ಲುತ್ತಾರೆ?

ಮರುದಿನದ ಗ್ರಾಫ್ ಈಗಲೂ ಕಣ್ಣಲ್ಲಿದೆ. ನೆಲಕ್ಕಂಟಿದ ಗೆರೆ, ಪೆನಾಲ್ಟಿ ಮುಗಿದ ಹೊತ್ತಿಗೆ ಸಣ್ಣದೊಂದು ಗುಬುಟು, ಎರಡು ನಿಮಿಷದಲ್ಲಿ ಮತ್ತೆ ನೆಲ. ನಮ್ಮ ಹೆಡ್ ಬೈಯಲಿಲ್ಲ. ಆ ಗುಬುಟಿನ ಮೇಲೆ ಪೆನ್ನಿಟ್ಟು, "ಇವರು ಬಂದಿದ್ದರು ನೋಡು. ಬಾಗಿಲು ಹಾಕಿತ್ತು" ಅಂದರು. ನಾಕೌಟ್ ಪಂದ್ಯ ಯಾವಾಗ ಮುಗಿಯುತ್ತದೆ ಅಂತ ಯಾರೂ ಹೇಳಲಾರರು. ಅದರ ಎದುರು ಉದ್ದನೆಯದು ಏನೂ ಇಡಬಾರದು, ಸಣ್ಣ ಸಣ್ಣವು ಸಾಲಾಗಿ ಇಡಬೇಕು. ಅರ್ಧ ಗಂಟೆಗೊಂದು ಬಾಗಿಲು ತೆರೆದಿದ್ದರೆ ಯಾವಾಗ ಬಂದರೂ ಹೆಚ್ಚು ಕಾಯದೆ ಒಳಗೆ ಬರಬಹುದು. ಆಮೇಲಿನ ಎರಡು ಟೂರ್ನಿಗಳಲ್ಲಿ ನಾನು ನಾಕೌಟ್ ರಾತ್ರಿಗಳಿಗೆ ಹಳೇ ಕಾಮಿಡಿ ಸಂಚಿಕೆಗಳನ್ನೇ ಇಟ್ಟೆ. ಅವಕ್ಕೆ ಖರ್ಚೂ ಕಡಿಮೆ. ಸಿನಿಮಾ ಬುಧವಾರಕ್ಕೆ ಹೋಯಿತು.

ಶನಿವಾರದ ಕಾಳಗದಲ್ಲಿ ನಮಗೆ ಪಾತ್ರವೇ ಇರಲಿಲ್ಲ. 2009ರ ಶರತ್ಕಾಲದಿಂದ ಬಿಬಿಸಿಯ ನೃತ್ಯ ಸ್ಪರ್ಧೆ ಸ್ಟ್ರಿಕ್ಟ್‌ಲಿ ಮತ್ತು ಐಟಿವಿಯ ಹಾಡಿನ ಸ್ಪರ್ಧೆ ಎಕ್ಸ್ ಫ್ಯಾಕ್ಟರ್ ಒಂದರ ಮೇಲೊಂದು ಬೀಳುವಂತೆ ಬಂದಾಗ, ಎರಡೂ ನೋಡುತ್ತಿದ್ದ ಮನೆಗಳಿಂದ ದೂರೋ ದೂರು. ನಾವು ಎರಡನ್ನೂ ಸಹಿಸದವರಿಗೆಂದು ಕೌಬಾಯ್ ಸಿನಿಮಾ ಹಾಕಿ ಸುಮ್ಮನಿದ್ದೆವು.

ಅಮ್ಮನಿಗೆ ನನ್ನ ಕೆಲಸ ಅರ್ಥ ಮಾಡಿಸಲು ತುಂಬಾ ದಿನ ಹಿಡಿಯಿತು. ಹೊಸ ಕಾರ್ಯಕ್ರಮವನ್ನು ಎರಡು ಗೆದ್ದ ಕಾರ್ಯಕ್ರಮಗಳ ನಡುವೆ ಇಡುವುದಕ್ಕೆ ಇಂಗ್ಲಿಷಿನವರು 'ಹ್ಯಾಮಕ್' ಅನ್ನುತ್ತಾರೆ ಅಂದೆ. "ಅಂದ್ರೆ ಜೋಲಿ. ಎರಡು ಕಡೆ ಗಟ್ಟಿ ಇದ್ರೆ ಮಗು ಬೀಳಲ್ಲ" ಅಂದಳು, ಫೋನಿನಲ್ಲಿ, ಒಂದು ಕ್ಷಣವೂ ಯೋಚಿಸದೆ. ಅವಳಿಗೆ ಆಶ್ಚರ್ಯವಾದದ್ದು ಬೇರೆ. "ಅಲ್ಲ ಕಣೋ, ಅಲ್ಲಿ ನಾಟಕ ವಾರಕ್ಕೊಂದೇ ಸಲ ಹಾಕ್ತಾರಾ? ಮುಂದಿನ ವಾರಕ್ಕೆ ಮರ್ತೋಗಲ್ವಾ?"

ಸರಿಯಾದ ಪ್ರಶ್ನೆ. ನಮ್ಮಲ್ಲಿ ಸೋಮವಾರದಿಂದ ಶುಕ್ರವಾರ, ಕೆಲವಕ್ಕೆ ಶನಿವಾರವೂ ಸೇರಿ, ಒಂದೇ ಹೊತ್ತಿಗೆ ಧಾರಾವಾಹಿ ಬರುವುದು ಹುಟ್ಟಿದಂದಿನಿಂದ ಇರುವ ಪದ್ಧತಿಯೇನೋ ಅನ್ನುವಷ್ಟು ಸಹಜ. ಬ್ರಿಟನ್ನಿನ ಪ್ರೈಮ್ ಟೈಮಿನಲ್ಲಿ ಒಂದು ಕಾಲಕ್ಕೆ ಅದು ಸಾಹಸ. 1998ರ ಸೆಪ್ಟೆಂಬರಿನಲ್ಲಿ ಐಟಿವಿ ಕೋಟ್ಯಧಿಪತಿಯ ಮೂಲ ಆವೃತ್ತಿಯನ್ನು ರಾತ್ರಿ ಬಿಟ್ಟು ರಾತ್ರಿ ಅಲ್ಲ, ಬಿಡದೆ ದಿನಾ ಹಾಕಿ ಗೆದ್ದಾಗ ಉಳಿದವರು ಕಣ್ಣುಬಿಟ್ಟರು. ಅದೇ ಆಟದಲ್ಲಿ 2000ದ ನವೆಂಬರ್ 20ರ ರಾತ್ರಿ ಮೊದಲ ಬಾರಿಗೆ ಹತ್ತು ಲಕ್ಷ ಪೌಂಡ್ ಗೆದ್ದದ್ದು ಪ್ರಸಾರವಾಯಿತು. ಅವತ್ತೇ ಬಿಬಿಸಿ ಒನ್ನಿನಲ್ಲಿ ಒನ್ ಫುಟ್ ಇನ್ ದ ಗ್ರೇವ್ ಅನ್ನುವ ಅಚ್ಚುಮೆಚ್ಚಿನ ಕಾಮಿಡಿಯ ಕೊನೆಯ ಸಂಚಿಕೆ. ಐಟಿವಿಯವರು ಬೇಕೆಂದೇ ಅವತ್ತು ಗೆಲ್ಲಿಸಿದರು ಅಂತ ಗುಲ್ಲೆದ್ದಿತು. ನಿಯಂತ್ರಣ ಸಂಸ್ಥೆ ವಿಚಾರಿಸಿ, ಮೋಸವೇನೂ ಇಲ್ಲ ಅಂದಿತು. ನಮ್ಮ ಆಫೀಸಿನ ಹಳಬರು ಮಾತ್ರ ಹತ್ತು ವರ್ಷದ ಮೇಲೂ ಈ ವಿಷಯ ಬಂದರೆ ಹುಬ್ಬು ಹಾರಿಸುತ್ತಿದ್ದರು.

ನಾನು 2016ರಲ್ಲಿ ಕೆಲಸ ಬಿಟ್ಟೆ. ಅಷ್ಟರಲ್ಲಿ ಓವರ್‌ನೈಟ್ಸ್ ನೋಡುವ ಗಾಂಭೀರ್ಯ ಕರಗಿತ್ತು. ರೆಕಾರ್ಡ್ ಮಾಡಿ ಏಳು ದಿನದೊಳಗೆ ನೋಡಿದವರನ್ನು ಕೂಡಿಸಿದ ಅಂಕಿ ಬರುವವರೆಗೆ ಯಾರೂ ಬಾಯಿ ಬಿಡುತ್ತಿರಲಿಲ್ಲ. ಬೇಕಾದಾಗ ಇಂಟರ್ನೆಟ್ಟಿನಲ್ಲಿ ನೋಡುವ ಬಿಬಿಸಿಯ ಐಪ್ಲೇಯರ್ ಬಂದ ಮೇಲೆ ಜನ ತಮ್ಮ ಒಂಬತ್ತು ಗಂಟೆಯನ್ನು ತಾವೇ ಮಾಡಿಕೊಳ್ಳತೊಡಗಿದ್ದರು. ಆದರೂ 2024ರ ಜನವರಿ ಒಂದರಿಂದ ನಾಲ್ಕು ರಾತ್ರಿ ಸತತವಾಗಿ ಐಟಿವಿ, ಕಂಪ್ಯೂಟರಿನ ತಪ್ಪು ಲೆಕ್ಕಕ್ಕೆ ಅಂಚೆ ಕಚೇರಿ ನಡೆಸುವವರ ಮೇಲೆ ಕಳ್ಳತನ ಹೊರಿಸಿದ ಹಗರಣದ ನಾಟಕ ಹಾಕಿ ಇಡೀ ದೇಶ ಒಂದೇ ವಿಷಯ ಮಾತಾಡುವಂತೆ ಮಾಡಿದಾಗ, ಅಮ್ಮನಿಗೆ ಫೋನ್ ಮಾಡಿ ಹೇಳಿದೆ. "ಈಗ ಗೊತ್ತಾಯ್ತಾ ಅವ್ರಿಗೆ?" ಅಂದಳು.

ಹೋದ ಸಲ ಊರಿಗೆ ಹೋದಾಗ ರಾತ್ರಿ ಅವಳ ಪಕ್ಕ ಕೂತಿದ್ದೆ. ಒಂದು ಚಾನೆಲ್ಲಿನಲ್ಲಿ ಜಾಹೀರಾತು ಬಂದ ತಕ್ಷಣ ನೋಡದೆಯೇ ಗುಂಡಿ ಒತ್ತಿ ಇನ್ನೊಂದರ ಧಾರಾವಾಹಿಗೆ ಹೋಗುತ್ತಾಳೆ, ಇಲ್ಲಿ ಜಾಹೀರಾತು ಮುಗಿಯುವ ಹೊತ್ತಿಗೆ ವಾಪಸು. ನಾನು ಗಡಿಯಾರ ನೋಡಿ ಎಣಿಸಿದೆ. ಮೂರು ಸಲದಲ್ಲಿ ಒಂದು ಸಲವೂ ತಪ್ಪಲಿಲ್ಲ.

"ಎರಡೂ ಕಡೆ ಒಟ್ಟಿಗೇ ಜಾಹೀರಾತು ಬಂದ್ರೆ ಏನ್ಮಾಡ್ತೀಯಮ್ಮಾ?"

"ಎದ್ದು ಹೋಗಿ ಹಾಲಿಗೆ ಹೆಪ್ಪು ಹಾಕ್ತೀನಿ" ಅಂದಳು.