ಬೋರ್‌ವೆಲ್‌ನ ವೆಲ್ಲು, ಅಂತರಗಂಗೆಯ ಸ್ಪ್ರಿಂಗು

ಕೋಲಾರದ ಹತ್ತಿರದ ಹಳ್ಳಿಯಲ್ಲಿ ಸಂಜೆ ಹೊತ್ತು ಏಳನೇ ತರಗತಿ ಮಕ್ಕಳಿಗೆ ಇಂಗ್ಲಿಷ್ ಹೇಳಿಕೊಡುತ್ತೇನೆ. ಒಂದು ದಿನ ಹುಡುಗನೊಬ್ಬ ಕೇಳಿದ: "ಮಿಸ್, ಬೋರ್‌ವೆಲ್‌ನಲ್ಲಿರೋ ವೆಲ್ಲೂ ನೀವು ಹೇಳೋ ವೆಲ್ ಡನ್‌ನಲ್ಲಿರೋ ವೆಲ್ಲೂ ಒಂದೇನಾ?" "ಎರಡು ಅರ್ಥ ಇದೆ, ಬರೆದುಕೋ" ಎಂದು ಪಾಠ ಮುಂದುವರಿಸಿದೆ. ಮನೆಗೆ ಬಂದ ಮೇಲೆ ಆ ಉತ್ತರ ನನಗೇ ಸರಿ ಅನ್ನಿಸಲಿಲ್ಲ.

ನಿಘಂಟು ತೆಗೆದೆ. ವೆಲ್ ಎರಡು ಕಡೆ ಇತ್ತು, ಪಕ್ಕದಲ್ಲಿ 1, 2 ಎಂಬ ಪುಟ್ಟ ಅಂಕಿ. ಇಷ್ಟು ವರ್ಷ ಆ ಅಂಕಿ ಯಾಕಿದೆ ಅಂತ ಯೋಚಿಸಿರಲಿಲ್ಲ. ಇವು ಒಂದೇ ಪದದ ಎರಡು ಅರ್ಥ ಅಲ್ಲ, ಎರಡು ಬೇರೆ ಪದಗಳು! ಬಾವಿಯ ವೆಲ್ ನೀರು ಉಕ್ಕುವುದರಿಂದ ಬಂದದ್ದು. ಕಣ್ಣು ತುಂಬಿ ಬಂದರೆ 'ವೆಲ್ ಅಪ್' ಅನ್ನುವುದೂ ಅದೇ. 'ಚೆನ್ನಾಗಿ' ಅನ್ನುವ ವೆಲ್‌ಗೂ ಅದಕ್ಕೂ ನಂಟಿಲ್ಲ.

ಸ್ಪ್ರಿಂಗ್ ಹಾಗಲ್ಲ. ಜಿಗಿತ, ಒರತೆ, ವಸಂತ, ಪೆನ್ನಿನೊಳಗಿನ ಸುರುಳಿ ತಂತಿ, ಎಲ್ಲದರ ಬೇರು ಒಂದೇ: ಚಿಮ್ಮುವುದು. ಮಕ್ಕಳು ಈ ನಾಲ್ಕನ್ನೂ ಬಾಯಿಪಾಠ ಮಾಡಿ ಅದಲುಬದಲು ಮಾಡುತ್ತಿದ್ದರು. ಒರತೆ ಅಂತ ಬರೆಯಬೇಕಾದ ಕಡೆ ವಸಂತ ಅಂತ ಬರೆದವರೇ ಜಾಸ್ತಿ. ಮರುದಿನ ಪಟ್ಟಿ ಬಿಟ್ಟು ಕೋಲಾರದ ಬೆಟ್ಟದ ಒರತೆ ಅಂತರಗಂಗೆಯಿಂದ ಶುರು ಮಾಡಿದೆ. ಕಲ್ಲಿನ ಬಸವನ ಬಾಯಿಂದ ನೀರು ಬೀಳುವುದನ್ನು ಎಲ್ಲರೂ ನೋಡಿದ್ದರು. "ಆ ನೀರು ಎಲ್ಲಿಂದ?" "ಬೆಟ್ಟದೊಳಗಿಂದ ಚಿಮ್ಕೊಂಡು ಬರುತ್ತೆ ಮಿಸ್." ಆಮೇಲೆ ಪೆನ್ನು ಬಿಚ್ಚಿಸಿದೆ. ಸ್ಪ್ರಿಂಗ್ ಒತ್ತಿ ಬಿಟ್ಟರು, ಮೂರು ಬೆಂಚಿನಾಚೆ ಹೋಗಿ ಬಿತ್ತು. ವಸಂತ ಹೇಗೆ ಅಂತ ಕೇಳಿದಾಗ ಸುಮ್ಮನಾದರು. ಹಿಂದಿನ ಇಂಗ್ಲಿಷಿನಲ್ಲಿ ಆ ಕಾಲಕ್ಕೆ 'ಎಲೆ ಚಿಮ್ಮುವ ಹೊತ್ತು' ಎನ್ನುವಂಥ ಮಾತಿತ್ತು ಎಂದೆ. "ಯುಗಾದಿಗೆ ಹೊಂಗೆ ಚಿಗುರುತ್ತಲ್ಲ, ಹಂಗೆ!" ಅಂತ ಒಬ್ಬಳು ಕೂಗಿದಳು. ಆ ಕೂಗು ನನಗೆ ಎಷ್ಟು ಖುಷಿ ಕೊಟ್ಟಿತೆಂದರೆ, ಅವತ್ತು ಬೇರೆ ಪಾಠ ಮಾಡಲೇ ಇಲ್ಲ.

ಕನ್ನಡದಲ್ಲೂ ಇದೇ ಇದೆ ಅಲ್ವಾ? ಮುಖದ ಕಣ್ಣು, ತೆಂಗಿನಕಾಯಿ ಕಣ್ಣು, ಕಬ್ಬಿನ ಕಣ್ಣು ಒಂದೇ ಪದ. ಆದರೆ ಹರಿಯುವ ಹೊಳೆ, ಮಿಂಚುವ ಹೊಳೆ ಎರಡು. ಹಳಗನ್ನಡದಲ್ಲಿ ನೀರಿನ ಹೊಳೆ 'ಪೊೞೆ', ಮಿಂಚುವುದು 'ಪೊಳೆ'. ಅಕ್ಷರವೇ ಬೇರೆ ಇತ್ತು.

ಈಗ ಹೊಸ ಪದ ಬಂದರೆ ಮೊದಲು ಮಕ್ಕಳೇ ಊಹಿಸಬೇಕು, ಒಂದು ಬೇರೋ ಎರಡೋ ಅಂತ. ಆಮೇಲೆ ನಿಘಂಟು. ಮರದ ಬ್ರಾಂಚ್, ಬ್ಯಾಂಕಿನ ಬ್ರಾಂಚ್ ಒಂದೇ ಅಂತ ಕೂಡಲೇ ಹೇಳಿದರು. ನಾಯಿಯ ಬಾರ್ಕ್, ಮರದ ತೊಗಟೆಯ ಬಾರ್ಕ್ ಬಂದಾಗ ಜಗಳವೇ ಆಯಿತು. ಅದೇ ಹುಡುಗ ಓಡಿ ಹೋಗಿ ನಿಘಂಟು ತಂದ, ಪುಟ್ಟ ಅಂಕಿ ಹುಡುಕಿ ಬೆರಳಿಟ್ಟು ತೋರಿಸಿದ: "ಎರಡು, ಮಿಸ್."